ಥಾಣೆಯಿಂದ ಹೋದ ಒಂದು ಕಾಗದ

ಥಾಣೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೆಳಗಿನ ಲೋಕಲ್ ನಿಲ್ಲುವ ಒಂದು ಸ್ಟೇಷನ್ನು. 1853ರಲ್ಲಿ ಬೋರಿ ಬಂದರಿನಿಂದ ಮೊದಲ ಪ್ಯಾಸೆಂಜರ್ ರೈಲು ಬಂದದ್ದು ಇಲ್ಲಿಗೇ ಎಂದು ಮಕ್ಕಳಿಗೆ ಹೇಳಿ ಸುಮ್ಮನಾಗುತ್ತೇವೆ. ಅದಕ್ಕೂ ಐದು ಶತಮಾನಗಳ ಹಿಂದೆ, 1324ರ ಜನವರಿಯಲ್ಲಿ, ಈ ಊರಿನಿಂದ ಒಂದು ಕಾಗದ ಹೊರಟಿತ್ತು. ಬರೆದಾತ ದಕ್ಷಿಣ ಫ್ರಾನ್ಸಿನ ಡೊಮಿನಿಕನ್ ಸನ್ಯಾಸಿ ಜೋರ್ಡಾನಸ್. ಮುಂದೆ ಭಾರತಕ್ಕೆ ನೇಮಕಗೊಂಡ ಲ್ಯಾಟಿನ್ ಪಂಥದ ಮೊದಲ ಬಿಷಪ್ ಈತನೇ.

ಥಾಣೆ ಆಗ ಶಿಲಾಹಾರರ ಶ್ರೀಸ್ಥಾನಕವಾಗಿ ಉಳಿದಿರಲಿಲ್ಲ. ನಮ್ಮ ರಾಷ್ಟ್ರಕೂಟರ ಮಾಂಡಲಿಕರಾಗಿ ಬೆಳೆದು, ತಾಮ್ರಪಟಗಳಲ್ಲಿ ‘ಗಂಡರಗಂಡ’ನೆಂಬಂಥ ಅಚ್ಚಗನ್ನಡ ಬಿರುದುಗಳನ್ನು ಬರೆಸಿಕೊಂಡ ಆ ವಂಶ 13ನೆಯ ಶತಮಾನದಲ್ಲೇ ಅಳಿದಿತ್ತು. ಅನಂತರ ಬಂದ ದೇವಗಿರಿಯ ಸೇವುಣರೂ ಹೋಗಿ, ಊರು ದಿಲ್ಲಿಯ ಸುಲ್ತಾನರ ಅಧಿಕಾರಿಯ ವಶದಲ್ಲಿತ್ತು. ಕ್ರೈಸ್ತರು ಈ ಕಡೆಗೆ ಹೊಸಬರೇನೂ ಅಲ್ಲ. 6ನೆಯ ಶತಮಾನದ ಗ್ರೀಕ್ ನಾವಿಕ ಕಾಸ್ಮಾಸ್, ‘ಕಲ್ಲಿಯಾನಾ’ದಲ್ಲಿ ಪರ್ಷಿಯಾದಿಂದ ನೇಮಕಗೊಂಡ ಬಿಷಪ್ ಒಬ್ಬನಿದ್ದನೆಂದು ಬರೆದಿದ್ದಾನೆ. ಅದು ನಮ್ಮ ಕಲ್ಯಾಣವೇ ಎಂದು ಹಲವು ವಿದ್ವಾಂಸರ ಮತ.

1321ರಲ್ಲಿ ಜೋರ್ಡಾನಸ್ ನಾಲ್ವರು ಫ್ರಾನ್ಸಿಸ್ಕನ್ನರೊಡನೆ ಹೊರ್ಮುಜ್‌ನಿಂದ ಹಡಗು ಹತ್ತಿದ. ಹೋಗಬೇಕಾಗಿದ್ದದ್ದು ಕೊಲ್ಲಕ್ಕೆ, ಬಂದು ಸೇರಿದ್ದು ಥಾಣೆಗೆ. ಜೊತೆಗಿದ್ದವರು ಟೊಲೆಂಟಿನೊದ ತೋಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್ ಮತ್ತು ದುಭಾಷಿ ಡೆಮೆಟ್ರಿಯಸ್. ಊರಲ್ಲಿದ್ದ ನೆಸ್ಟೋರಿಯನ್ ಕ್ರೈಸ್ತರು ಅವರಿಗೆ ಆಶ್ರಯ ಕೊಟ್ಟರು. ಪರ್ಷಿಯನ್ ಭಾಷೆ ಬಲ್ಲ ಜೋರ್ಡಾನಸ್ ಅವರನ್ನು ಅಲ್ಲಿಯೇ ಬಿಟ್ಟು ಭರೂಚಿನ ಕಡೆಗೆ ಹೊರಟ.

ಆಮೇಲಿನ ಅನರ್ಥಕ್ಕೆ ಮೂಲ ಒಂದು ಗಂಡ-ಹೆಂಡಿರ ಜಗಳ! ಸ್ವಲ್ಪ ಕಾಲದ ಬಳಿಕ ಇಲ್ಲಿಗೆ ಬಂದ ಒಡೋರಿಕ್ ಎಂಬ ಸನ್ಯಾಸಿ ಬರೆದಿರುವಂತೆ, ಆಶ್ರಯವಿತ್ತ ಮನೆಯಾಕೆ ಗಂಡನ ಪೆಟ್ಟು ತಾಳಲಾರದೆ ಖಾಜಿಯ ಬಳಿ ದೂರು ಕೊಟ್ಟಳು, ಅತಿಥಿಗಳು ಸಾಕ್ಷಿಗಳೆಂದಳು. ವಿಚಾರಣೆ ಮತದ ವಾದಕ್ಕೆ ತಿರುಗಿತು, ಮಾತು ಮೀರಿತು. ಏಪ್ರಿಲ್ ತಿಂಗಳಲ್ಲಿ ನಾಲ್ವರನ್ನೂ ಕೊಲ್ಲಲಾಯಿತು.

ಸುದ್ದಿ ತಿಳಿದ ಜೋರ್ಡಾನಸ್ ಹಿಂದಿರುಗಿ, ಜಿನೋವಾದ ಒಬ್ಬ ಯುವಕನ ನೆರವಿನಿಂದ ಶವಗಳನ್ನು ಸೋಪಾರಕ್ಕೆ ಒಯ್ದು ಹೂಳಿದ. ಇಂದು ದಿವಾದಿಂದ ವಸಾಯಿ ಗಾಡಿ ಹಿಡಿದು, ಅಲ್ಲಿ ಬದಲಿಸಿದರೆ ಸಿಗುವ ನಾಲಾಸೋಪಾರವೇ ಅದು. ಆ ಎಲುಬುಗಳಿಗೆ ಅಲ್ಲಿಯೂ ವಿಶ್ರಾಂತಿಯಿರಲಿಲ್ಲ; ಒಡೋರಿಕ್ ಅವನ್ನು ಚೀನಾಕ್ಕೆ ಕೊಂಡೊಯ್ದ.

ಥಾಣೆಯ ಕಾಗದದಲ್ಲಿ ಜೋರ್ಡಾನಸ್ ಸಂಗಡಿಗರನ್ನು ಬಿಟ್ಟು ಹೊರಟ ಗಳಿಗೆಯನ್ನು ಶಪಿಸಿಕೊಳ್ಳುತ್ತಾನೆ. ಕಡಲ್ಗಳ್ಳರ ಕೈಗೆ ಸಿಕ್ಕಿದ್ದು, ಸೆರೆವಾಸ, ಹಸಿವು, ಜ್ವರ, ಎಲ್ಲವನ್ನೂ ತೋಡಿಕೊಳ್ಳುತ್ತಾನೆ. ಪರವೂರಿನಲ್ಲಿ ಖಾಯಿಲೆ ಮಲಗಿ ಊರಿನ ಪತ್ರಕ್ಕೆ ಕಾದವರಿಗೆ ಈ ದನಿ ಅಪರಿಚಿತವಲ್ಲ. ಆದರೆ ಈತನನ್ನು ಬರಿಯ ಸಾಧುವೆಂದು ಬಗೆಯಬೇಕಿಲ್ಲ. ಅದೇ ಕಾಗದದಲ್ಲಿ, ಪೋಪರು ಈ ಸಮುದ್ರದಲ್ಲಿ ಎರಡು ಯುದ್ಧನೌಕೆ ಇರಿಸಿದರೆ ಈಜಿಪ್ಟಿನ ಸುಲ್ತಾನನಿಗೆ ಎಂಥ ಹಾನಿಯಾದೀತೆಂಬ ಲೆಕ್ಕಾಚಾರವೂ ಇದೆ!

‘ಮಿರಾಬಿಲಿಯಾ ಡಿಸ್ಕ್ರಿಪ್ಟಾ’ ಎಂಬ ಈತನ ಲ್ಯಾಟಿನ್ ಪುಸ್ತಕವನ್ನು ಹೆನ್ರಿ ಯೂಲ್ 1863ರಲ್ಲಿ ಇಂಗ್ಲಿಷಿಗೆ ತಂದ. ಅದರಲ್ಲಿ ಮಾವಿದೆ, ತೆಂಗಿದೆ, ಮಾಡಿಲ್ಲದ ಗೋಪುರದಲ್ಲಿ ಶವವಿಡುವ ಅಗ್ನಿಪೂಜಕರಿದ್ದಾರೆ. ಒಂದು ಹಲಸಿನ ಹಣ್ಣು ಐವರಿಗೆ ಸಾಕೆನ್ನುತ್ತಾನೆ. ನಮ್ಮ ಘಟ್ಟದವರು ಕೇಳಿದರೆ ನಕ್ಕಾರು. ಸ್ನೇಹಿತರನ್ನು ಕಳೆದುಕೊಂಡ ನಾಡಿನ ಜನರನ್ನು ಊಟದಲ್ಲಿ ಶುಚಿ, ಮಾತಿನಲ್ಲಿ ಸತ್ಯ, ನ್ಯಾಯದಲ್ಲಿ ಮೇಲು ಎಂದು ಹೊಗಳುವಾಗ ಮಾತ್ರ ನಗು ಬರುವುದಿಲ್ಲ.

ಯೂರೋಪಿಗೆ ಮರಳಿದ ಆತನಿಗೆ 1329ರಲ್ಲಿ, ನಮ್ಮ ಮಠಗಳಲ್ಲಿ ಪಟ್ಟವಾಗುವಂತೆ, ಕೊಲ್ಲದ ಬಿಷಪ್ ಪದವಿ ಬಂತು. ಕೊಟ್ಟವರು ಅವಿನ್ಯೋನ್‌ನಲ್ಲಿದ್ದ ಪೋಪ್ 22ನೆಯ ಜಾನ್. ಅಲ್ಲಿನ ಪುರಾತನ ನಸ್ರಾಣಿ ಕ್ರೈಸ್ತರಿಗೂ ಪೋಪರ ಪತ್ರ ಹೊರಟಿತು. ಸುಮಾರು ಎರಡು ದಶಕಗಳ ಮೇಲೆ ಚೀನಾದಿಂದ ಮರಳುತ್ತ ಕೊಲ್ಲಕ್ಕೆ ಬಂದ ಮರಿಗ್ನೊಲ್ಲಿ ಎಂಬ ಇನ್ನೊಬ್ಬ ಸನ್ಯಾಸಿ, ಅಲ್ಲಿ ಸಂತ ಜಾರ್ಜರ ಹೆಸರಿನ ಲ್ಯಾಟಿನ್ ಚರ್ಚೊಂದನ್ನು ಕಂಡ.