ಮಲಪ್ರಭಾ ಸೀಮೆಯ ಮರಗಳು: ಎಲೆ ಉದುರುವ, ಚಿಗುರುವ ಕಾಲ

ಬೆಳಗಾವಿ ಜಿಲ್ಲೆಯ ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗದತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಕಿತ್ತೂರಿನ ಕಡೆ ಮಲೆನಾಡಿನ ಅಂಚಿನ ಸಾಗವಾನಿ, ಮತ್ತಿ. ಬೈಲಹೊಂಗಲದ ಎರೆಹೊಲಗಳ ಬದುವಿನಲ್ಲಿ ಬೇವು, ಬನ್ನಿ. ಆಚೆ ಮರಳುಗಲ್ಲಿನ ಗುಡ್ಡಗಳ ಮೇಲೆ ಕುರುಚಲು ಕಾಡು. ಇಲ್ಲಿನ ಮರಗಳನ್ನು ಬೋಳಾಗಿಸುವುದು ಹಿಮವಲ್ಲ, ನೀರಿನ ಅಭಾವ.

ಎಲೆ ತಾನಾಗಿ ಬೀಳುವುದಿಲ್ಲ, ಮರವೇ ಅದನ್ನು ಕಳಚುತ್ತದೆ. ಮೊದಲು ಸಾರಜನಕ, ರಂಜಕಗಳ ಬಹುಪಾಲನ್ನು ಟೊಂಗೆಗೆ ಹಿಂದೆ ಎಳೆದುಕೊಳ್ಳುತ್ತದೆ. ಸಸ್ಯದ ಹಾರ್ಮೋನುಗಳಲ್ಲಿ ಆಕ್ಸಿನ್ ಇಳಿದು ಎಥಿಲೀನ್ ಪ್ರಭಾವ ಹೆಚ್ಚಿದಾಗ ತೊಟ್ಟಿನ ಬುಡದ ತೆಳು ಪದರದ ಜೀವಕೋಶಗಳು ಒಂದಕ್ಕೊಂದು ಅಂಟು ಬಿಡುತ್ತವೆ. ಬಿದ್ದ ಜಾಗದಲ್ಲಿ ಗಾಯ ಮುಚ್ಚಿದ ಕಲೆ ಉಳಿಯುತ್ತದೆ. ಸಾಗವಾನಿಯ ಎಳೆ ಟೊಂಗೆಯಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ.

ಈ ಕುರಿತ ವಿಚಾರ ಹಳೆಯದು. ಈಜಿಪ್ಟಿನ ಎಲಿಫಂಟೈನ್‌ನಲ್ಲಿ ಅಂಜೂರ, ದ್ರಾಕ್ಷಿ ಕೂಡ ಎಲೆ ಉದುರಿಸುವುದಿಲ್ಲ ಎಂದು ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್ ಕ್ರಿಸ್ತಪೂರ್ವದಲ್ಲೇ ಬರೆದಿದ್ದ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಸಸ್ಯಗಳು ಹಗಲಿನ ಉದ್ದವನ್ನು ಗ್ರಹಿಸುತ್ತವೆಂದು ತೋರಿಸಿದರು. 1963ರಲ್ಲಿ ಆ್ಯಡಿಕಾಟ್ ತಂಡ ಎಳೆ ಹತ್ತಿಕಾಯಿಯಿಂದ ಆ್ಯಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನನ್ನು ಬೇರ್ಪಡಿಸಿತು. ಎಲೆ ಉದುರಿಸುವುದು ಇದೇ ಎಂಬ ಅಂದಿನ ನಂಬಿಕೆ ನಿಲ್ಲಲಿಲ್ಲ. ಮುಖ್ಯ ಪಾತ್ರ ಎಥಿಲೀನಿನದೆಂದು ಮುಂದೆ ತಿಳಿಯಿತು.

ಈ ಸೀಮೆಯ ನಿಜವಾದ ಸೋಜಿಗ ಇರುವುದು ಚಿಗುರಿನಲ್ಲಿ. ಫಾಲ್ಗುಣದಲ್ಲಿ ಮುತ್ತಲ ಬರಿ ಟೊಂಗೆಯಲ್ಲೇ ಕೆಂಪಗೆ ಹೂ ಬಿಡುತ್ತದೆ. ಯುಗಾದಿಯ ಹೊತ್ತಿಗೆ, ಮುಂಗಾರಿಗೆ ಇನ್ನೂ ಎರಡು ತಿಂಗಳಿರುವಾಗಲೇ ಬೇವು ಹೊಸ ಎಲೆ ಹೊದ್ದಿರುತ್ತದೆ. ಎಲೆ ಕಳೆದುಕೊಂಡ ಮರದಿಂದ ಆವಿಯಾಗುವ ನೀರು ಕಡಿಮೆ. ಆಳದ ಬೇರು ಎಳೆದ ನೀರು ಕಾಂಡದಲ್ಲಿ ತುಂಬಿ ಮೊಗ್ಗು ಒಡೆಯಲು ಒದಗುತ್ತದೆ. ಮಾರ್ಚಿನಲ್ಲಿ ಹಗಲು ಉದ್ದವಾಗುವುದೇ ಹಲವು ಜಾತಿಗಳಿಗೆ ಸೂಚನೆ ಎಂದು ಸಸ್ಯವಿಜ್ಞಾನಿ ಬೋರ್ಚರ್ಟ್ ಮತ್ತು ಸಂಗಡಿಗರು 2000ದ ದಶಕದಲ್ಲಿ ವಾದಿಸಿದರು. ಮಳೆಗೂ ಮೊದಲು ಚಿಗುರುವುದರ ಲಾಭವನ್ನು ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ಕೆ.ಎಸ್. ಮುರಳಿ, ಆರ್. ಸುಕುಮಾರ್ 1993ರಲ್ಲಿ ತೋರಿಸಿಕೊಟ್ಟರು: ಬೇಸಿಗೆಯ ಚಿಗುರಿಗೆ ಕೀಟಗಳ ಕಾಟ ಕಡಿಮೆ, ಮಳೆಗಾಲದ್ದಕ್ಕೆ ಹೆಚ್ಚು. ಮಳೆ ಬಿದ್ದ ಮೇಲೆ ಹುಳುಗಳು ಹೆಚ್ಚುವಷ್ಟರಲ್ಲಿ ಮೊದಲು ಬಂದ ಎಲೆ ಬಲಿತಿರುತ್ತದೆ.

ಆದರೆ ಒಂದೇ ಜಾತಿಯ ಮರಗಳೆಲ್ಲ ಒಂದೇ ದಿನ ಬೋಳಾಗುವುದಿಲ್ಲ. ಕಲ್ಲುಗುಡ್ಡದ ಮೇಲಿನದು ಮೊದಲು ಎಲೆ ಬಿಟ್ಟರೆ, ಹಳ್ಳದ ದಂಡೆಯದು ಇನ್ನಷ್ಟು ದಿನ ಹಸಿರಾಗಿರುತ್ತದೆ. ಹೀಗಾಗಿ ಎಲೆ ಉದುರಿದ ತಾರೀಖು ಬರೆದಿಡುವವರು ಮರ ನಿಂತ ನೆಲವನ್ನೂ ಅದರ ಪಕ್ಕದಲ್ಲೇ ನಮೂದಿಸಬೇಕಾಗುತ್ತದೆ.