ಯಾರ ಪಾರ್ಟು?

ಇಂಗ್ಲಿಷಿನ ಒಂದೇ ಪದ ಕನ್ನಡದ ನಾಟಕ, ಸಿನಿಮಾ ಮಾತಿಗೆ ಎರಡು ಸಲ ಬಂದಿದೆ. ಮೊದಲ ಸಲ ಅದು ಕಂಪನಿ ನಾಟಕಗಳ ಜೊತೆ ಬಂತು. ಬಸ್ಸು, ಗೇಟು, ಶಿಫ್ಟುಗಳಂತೆ ಕೊನೆಗೊಂದು ಉಕಾರ ಹಚ್ಚಿಕೊಂಡು ‘ಪಾರ್ಟು’ ಆಯಿತು. ನಟನೊಬ್ಬ ವಹಿಸುವ ಪಾತ್ರ ಎಂಬ ಅರ್ಥದಲ್ಲಿ ನೆಲೆನಿಂತಿತು. ಎರಡನೆಯ ಸಲ ಸಿನಿಮಾದ ಮುಂದುವರಿದ ಭಾಗವನ್ನು ಹೇಳಲು ಬಂತು. ಆಗ ಉಕಾರ ಹಚ್ಚಿಕೊಳ್ಳಲಿಲ್ಲ, ‘ಪಾರ್ಟ್ ಟೂ’ ಎಂದೇ ಉಳಿಯಿತು. ಹಳೆಯ ಸೂಪರ್‌ಹೀರೋ ಒಬ್ಬನ ಕಥೆಯನ್ನು ಹೊಸ ನಟನೊಂದಿಗೆ ಮೊದಲಿನಿಂದ ಶುರುಮಾಡುವ ಚಿತ್ರ, ಅಂದರೆ ರೀಬೂಟ್, ಘೋಷಣೆಯಾದಾಗ ಬಿಡುಗಡೆಗೆ ಮೊದಲೇ ಅಭಿಮಾನಿಗಳಲ್ಲಿ ಏಳುವ ವಾದಕ್ಕೆ ಈ ಎರಡೂ ಬೇಕು. ‘ಸೂಪರ್‌ಮ್ಯಾನ್ ಪಾರ್ಟಿಗೆ ಈ ಹುಡುಗ ಸೆಟ್ ಆಗ್ತಾನಾ?’ ಎಂಬಲ್ಲಿ ಇರುವುದು ಹಳೆಯ ಪಾರ್ಟು. ‘ಇದು ಹಿಂದಿನದರ ಪಾರ್ಟ್ ಟೂನಾ, ಇಲ್ಲಾ ಹೊಸದಾಗಿ ಶುರುನಾ?’ ಎಂಬಲ್ಲಿ ಇರುವುದು ಹೊಸದು. ಇವೆರಡರಲ್ಲಿ ಆಳವಾದ ಪ್ರಶ್ನೆ ಹಳೆಯ ಪದದೊಳಗಿದೆ.

ಇಂಥ ಪದಗಳ ಬದುಕನ್ನು ನೋಡಲು ಭದ್ರಾವತಿಯ ಓಲ್ಡ್ ಟೌನ್ ತಕ್ಕ ಜಾಗ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರುವ ಈ ಭಾಗಕ್ಕೆ ಬರಹದಲ್ಲಿ ‘ಹಳೇನಗರ’ ಎಂಬ ಹೆಸರಿದ್ದರೂ ಬಾಯಲ್ಲಿ ಓಡಾಡುವುದು ‘ಓಲ್ಡ್ ಟೌನ್’. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಹೊರತಂದ ಮೈಸೂರು ಕಬ್ಬಿಣದ ಕಾರ್ಖಾನೆ, ಅದರ ಹಿಂದೆಯೇ ಬಂದ ಕಾಗದದ ಕಾರ್ಖಾನೆ, ಎರಡೂ ಸೇರಿ ಊರಿಗೆ ನ್ಯೂ ಟೌನ್, ಪೇಪರ್ ಟೌನ್‌ಗಳನ್ನು ಕೂಡಿಸಿದವು. ಹೊಸದು ಬಂದ ಮೇಲಷ್ಟೇ ಹಳೆಯದಕ್ಕೆ ‘ಓಲ್ಡ್’ ಎನ್ನುವ ಗುರುತು ಬೇಕಾಯಿತು. ಕಾರ್ಖಾನೆಯ ಊರಿನಲ್ಲಿ ಇಂಗ್ಲಿಷ್ ಪದಗಳು ಪುಸ್ತಕದಿಂದ ಬರಲಿಲ್ಲ, ಕೆಲಸದ ಜೊತೆ ಬಂದವು: ಶಿಫ್ಟು, ಕ್ವಾರ್ಟರ್ಸು, ಬಾಯ್ಲರು. ಯಂತ್ರದ ಬಿಡಿಭಾಗವನ್ನು ಹೇಳುವ ‘ಪಾರ್ಟ್ಸು’ ಕೂಡ ಇದೇ ಗುಂಪಿನದು. ಪಾಳಿ ಮುಗಿಸಿ ನಾಟಕದ ಪ್ರಾಕ್ಟೀಸಿಗೆ ಹೋಗುವ ಕಾರ್ಮಿಕನಿಗೆ ಹಗಲು ಒಂದು ಪಾರ್ಟು, ರಾತ್ರಿ ಇನ್ನೊಂದು. ಸಿನಿಮಾಕ್ಕೆ ಬರುವ ಮುಂಚೆ ನಟ ದೊಡ್ಡಣ್ಣ ದುಡಿದದ್ದು ಇದೇ ಕಬ್ಬಿಣದ ಕಾರ್ಖಾನೆಯಲ್ಲಿ. ನಟ, ನಿರ್ದೇಶಕ ಎಸ್. ನಾರಾಯಣ್ ಅವರ ಊರೂ ಭದ್ರಾವತಿ.

ನಾಟಕದ ಪಾರ್ಟಿಗೆ ತನ್ನದೇ ಕ್ರಿಯಾಪದಗಳ ಸಂಸಾರವಿದೆ. ಪಾರ್ಟು ಹಂಚುತ್ತಾರೆ, ಪಾರ್ಟು ಹಿಡಿಯುತ್ತಾರೆ, ಪಾರ್ಟು ಕಲಿಯುತ್ತಾರೆ, ಒಪ್ಪಿಸುತ್ತಾರೆ, ಕೊನೆಗೆ ಪಾರ್ಟು ಮಾಡುತ್ತಾರೆ. ರಾಜಾಪಾರ್ಟು, ಸ್ತ್ರೀಪಾರ್ಟು, ಹಾಸ್ಯದ ಪಾರ್ಟು ಎಂದು ವರ್ಗಗಳಿವೆ. ಕೈಬರಹದ ಪ್ರತಿಯಿಂದ ತನ್ನ ಮಾತು, ಕಂದ, ಹಾಡುಗಳನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಪಕ್ಕದಲ್ಲಿ ರಾಗದ ಹೆಸರು ಗುರುತುಹಾಕಿಕೊಂಡು, ಎದುರಿನವನ ಮಾತಿನ ಕೊನೆಯ ಪದವನ್ನು ಮಾತ್ರ ಸುಳಿವಿಗೆಂದು ಬರೆದಿಟ್ಟುಕೊಳ್ಳುವ ಕ್ರಮ ಹಳ್ಳಿ ನಾಟಕಗಳಲ್ಲಿ ಇಂದಿಗೂ ಇದೆ. ಆ ಪುಸ್ತಕದಲ್ಲಿ ಇಡೀ ನಾಟಕ ಇರುವುದಿಲ್ಲ, ಒಬ್ಬನ ಪಾಲು ಮಾತ್ರ ಇರುತ್ತದೆ. ಇಂಗ್ಲೆಂಡಿನ ಹಳೆಯ ರಂಗಭೂಮಿಯಲ್ಲೂ ನಟನಿಗೆ ಸಿಗುತ್ತಿದ್ದದ್ದು ಅವನ ಪಾಲಿನ ಮಾತುಗಳ ಸುರುಳಿಯೊಂದೇ. ಪದಕ್ಕೆ ಪಾತ್ರ ಎಂಬ ಅರ್ಥ ಕೂಡಿಕೊಂಡದ್ದರ ಹಿಂದೆ ಇರುವುದು ಈ ವಾಡಿಕೆ. ಕನ್ನಡ ರಂಗಭೂಮಿ ಪದದ ಜೊತೆಗೆ ವಾಡಿಕೆಯನ್ನೂ ಉಳಿಸಿಕೊಂಡಿತು.

ಈ ಪದದ ಮರ್ಯಾದೆಯೂ ಗಮನಿಸುವಂಥದು. ಕಪಟವನ್ನು ಬಯ್ಯುವಾಗ ಕನ್ನಡಿಗರು ‘ನಾಟಕ ಆಡಬೇಡ’ ಎನ್ನುತ್ತಾರೆ, ‘ವೇಷ ಕಟ್ಟಬೇಡ’ ಎನ್ನುತ್ತಾರೆ. ‘ಪಾರ್ಟು ಮಾಡಬೇಡ’ ಎಂದು ಬಯ್ಯುವ ರೂಢಿಯಿಲ್ಲ. ನಾಟಕ, ವೇಷ ಎರಡೂ ಮಾತಿನಲ್ಲಿ ಸುಳ್ಳಿನ ಸೋಂಕು ತಗುಲಿಸಿಕೊಂಡವು. ಪಾರ್ಟು ಮಾತ್ರ ಕಲಿತು, ಬೆವರಿಳಿಸಿ, ಹತ್ತು ಜನರೆದುರು ಒಪ್ಪಿಸಬೇಕಾದ ಕೆಲಸವಾಗಿಯೇ ಉಳಿಯಿತು.

ತುಮಕೂರು, ಹಾಸನ, ಮಂಡ್ಯ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವಾಗ ಪಾರ್ಟಿಗೆ ಹಣ ಕೊಡುವವನು ನಟನೇ. ಸೀನರಿ, ಲೈಟು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲಕ್ಕೂ ದುಡ್ಡು ಕೂಡಿಸಬೇಕಲ್ಲ, ಅದಕ್ಕೆ ಪಾರ್ಟಿನ ತೂಕ ನೋಡಿ ದರ ನಿಗದಿಯಾಗುತ್ತದೆ. ದುರ್ಯೋಧನ, ಕೃಷ್ಣ, ಭೀಮರ ದರ ಏರು; ದ್ವಾರಪಾಲಕನದು ಕಡಿಮೆ. ಒಂದೇ ಪಾರ್ಟಿಗೆ ಇಬ್ಬರು ಆಸೆಪಟ್ಟರೆ ಅದನ್ನು ಒಡೆದು ಹಂಚುವುದೂ ಉಂಟು. ಕರಪತ್ರದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಇಬ್ಬರ ಹೆಸರು ಅಚ್ಚಾಗುತ್ತದೆ. ನಡುರಾತ್ರಿಯ ಹೊತ್ತಿಗೆ ಮೊದಲಿನವನು ಒಳಗೆ ಹೋಗಿ, ಬೇರೆ ಮೈಕಟ್ಟಿನ, ಬೇರೆ ಕಂಠದ ಇನ್ನೊಬ್ಬ ಅದೇ ಕಿರೀಟ ಇಟ್ಟುಕೊಂಡು ಬರುತ್ತಾನೆ. ಇವನೂ ಕೃಷ್ಣನೇ ಎಂದು ಸಭೆ ಒಪ್ಪುತ್ತದೆ. ಮೊದಲಿನವನಿಗಿಂತ ಮೇಲೋ ಕಡಿಮೆಯೋ ಎಂಬ ಮಾತನ್ನು ಮಾತ್ರ ಬಿಡುವುದಿಲ್ಲ. ಹಾಲಿವುಡ್ ಸ್ಟುಡಿಯೋಗಳು ಎಷ್ಟೋ ವರ್ಷಗಳ ಅಂತರದಲ್ಲಿ, ಕೋಟಿಗಟ್ಟಲೆ ಸುರಿದು ಮಾಡುವ ಬದಲಾವಣೆ ಇಲ್ಲಿ ಒಂದೇ ರಾತ್ರಿಯಲ್ಲಿ ಆಗಿಹೋಗುತ್ತದೆ.

ಅಭಿಮಾನಿಗಳ ವಾದದ ಬೇರು ‘ಯಾರ ಪಾರ್ಟು?’ ಎಂಬ ಎರಡು ಪದಗಳ ಪ್ರಶ್ನೆಯಲ್ಲಿದೆ. ಕನ್ನಡದ ಷಷ್ಠಿ ವಿಭಕ್ತಿ ಇಲ್ಲಿ ಎರಡು ಉತ್ತರಗಳಿಗೆ ಎಡೆಕೊಡುತ್ತದೆ. ‘ಕರ್ಣನ ಪಾರ್ಟು’ ಎಂದರೂ ಸರಿ, ‘ನಮ್ಮ ಮಾವನ ಪಾರ್ಟು’ ಎಂದರೂ ಸರಿ. ಮೊದಲ ಉತ್ತರದಲ್ಲಿ ಪಾರ್ಟಿನ ಒಡೆಯ ಕಥೆಯೊಳಗಿನ ವ್ಯಕ್ತಿ, ಎರಡನೆಯದರಲ್ಲಿ ಅದನ್ನು ಮಾಡಿದವನು. ರೀಬೂಟ್ ಮಾಡಹೊರಟ ನಿರ್ಮಾಪಕ ಮೊದಲ ಅರ್ಥವನ್ನು ಹಿಡಿದು ಮಾತಾಡುತ್ತಾನೆ: ಪಾರ್ಟು ಸೂಪರ್‌ಮ್ಯಾನನದು, ಯಾರಿಗಾದರೂ ಕೊಡಬಹುದು. ಅಭಿಮಾನಿ ಎರಡನೆಯದನ್ನು ಹಿಡಿಯುತ್ತಾನೆ: ಪಾರ್ಟು ಅದನ್ನು ಮೊದಲು ಗೆದ್ದವನದು, ಕಿತ್ತುಕೊಳ್ಳುವುದು ಅನ್ಯಾಯ. ಇಬ್ಬರೂ ಬಳಸುವುದು ಒಂದೇ ವ್ಯಾಕರಣವನ್ನು.

ಭದ್ರಾವತಿ ಇರುವ ಶಿವಮೊಗ್ಗ ಜಿಲ್ಲೆಯಲ್ಲೇ ಪಾರ್ಟಿಗೆ ಇನ್ನೆರಡು ಪದಗಳಿವೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಕ್ಷಗಾನ ವಲಯದಲ್ಲಿ ಹೇಳುವುದು ‘ವೇಷ’. ಅಲ್ಲಿ ಹಲವು ಸಲ ಆ ಪದವೂ ಬೇಕಾಗುವುದಿಲ್ಲ. ‘ಚಿಟ್ಟಾಣಿಯವರ ಭಸ್ಮಾಸುರ’ ಎಂದರೆ ಸಾಕು, ವೇಷ ಮತ್ತು ಕಲಾವಿದ ಎರಡೂ ಒಂದಾಗಿಬಿಡುತ್ತವೆ. ಹಾಗೆಂದು ಆ ಭಸ್ಮಾಸುರ ಬೇರೆಯವರಿಗೆ ನಿಷಿದ್ಧವೂ ಅಲ್ಲ. ಒಂದೇ ಪ್ರಸಂಗವನ್ನು ಹತ್ತಾರು ಮೇಳಗಳು ಆಡುತ್ತವೆ, ಪ್ರೇಕ್ಷಕರು ಪ್ರತಿಯೊಂದನ್ನೂ ಹೋಲಿಸುತ್ತಾರೆ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಬಗೆಯ ಆಧುನಿಕ ರಂಗಭೂಮಿ ‘ಪಾತ್ರ’ವನ್ನು ಆರಿಸಿಕೊಂಡಿತು. ಅದು ಶಿಷ್ಟ ಪದ, ಬರಹಕ್ಕೆ ಒಗ್ಗುವ ಪದ. ಆದರೆ ಪಾತ್ರ ಎಂದಾಗ ಮನಸ್ಸು ಕಥೆಯೊಳಗಿನ ವ್ಯಕ್ತಿಯ ಕಡೆಗೇ ವಾಲುತ್ತದೆ. ಮಾಡುವವನನ್ನೂ ಕಥೆಯೊಳಗಿನವನನ್ನೂ ಒಂದೇ ತೂಕದಲ್ಲಿ ಹಿಡಿಯುವ ಗುಣ ಪಾರ್ಟಿಗೇ ಹೆಚ್ಚು.

ಕನ್ನಡ ಸಿನಿಮಾದಲ್ಲಿ ಈ ಒಡೆತನದ ಪ್ರಶ್ನೆ ಅತ್ಯಂತ ತೀವ್ರವಾಗಿ ಎದ್ದದ್ದು ರಾಮಾಚಾರಿಯ ವಿಷಯದಲ್ಲಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದರು. ವಿಷ್ಣುವರ್ಧನ್ ನಾಯಕರಾಗಿ ನಿಂತದ್ದು ಅದರ ರಾಮಾಚಾರಿಯ ಪಾರ್ಟಿನಲ್ಲೇ. ಬೆಳ್ಳಿತೆರೆಯ ರಾಮಾಚಾರಿ ತಮ್ಮ ರಾಮಾಚಾರಿಯಲ್ಲ ಎಂಬ ಅಸಮಾಧಾನ ಮೂಲ ಲೇಖಕರಿಗೇ ಇತ್ತು. ಅವರ ಪಾಲಿಗೆ ಅದು ಪುಸ್ತಕದೊಳಗಿನವನ ಪಾರ್ಟು. ಜನರ ಪಾಲಿಗೆ ಅಂದಿನಿಂದ ವಿಷ್ಣುವರ್ಧನರದು. 1974ರಲ್ಲಿ ಪುಟ್ಟಣ್ಣನವರೇ ಅದನ್ನು ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ಎಂದು ತೆಗೆದಾಗ ಆ ಪಾರ್ಟು ರಿಷಿ ಕಪೂರ್ ಅವರಿಗೆ ಹೋಯಿತು. ಕನ್ನಡದಲ್ಲಿ ಅಂಬರೀಶ್ ಮಾಡಿದ್ದ ಜಲೀಲನ ಪಾರ್ಟು ಮಾತ್ರ ಹಿಂದಿಯಲ್ಲೂ ಅವರಲ್ಲೇ ಉಳಿಯಿತು. ಅದೇ ನಿರ್ದೇಶಕ, ಅದೇ ಕಥೆ. ಆದರೂ ಹಿಂದಿಯ ಚಿತ್ರ ಕನ್ನಡದ್ದರ ಎತ್ತರಕ್ಕೆ ಏರಲಿಲ್ಲ.

ಮುಂದಿನ ಸಂಗತಿ ಇನ್ನೂ ತೊಡಕಿನದು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡರು. ಸುಮಾರು ಏಳು ವರ್ಷಗಳ ಬಳಿಕ, 2016ರಲ್ಲಿ, ಕೋಡಿ ರಾಮಕೃಷ್ಣ ನಿರ್ದೇಶನದ ಬೇರೊಂದು ಕಥೆಯ ‘ನಾಗರಹಾವು’ ಬಂತು. ಅದರಲ್ಲಿ ಇನ್ನೊಬ್ಬ ನಟನ ದೇಹಕ್ಕೆ ವಿಷ್ಣುವರ್ಧನರ ಮುಖವನ್ನು ಕಂಪ್ಯೂಟರಿನಲ್ಲಿ ಕೂಡಿಸಲಾಗಿತ್ತು. ಹಾಗಾದರೆ ಅದು ಯಾರ ಪಾರ್ಟು? ಮುಖ ಕೊಟ್ಟವರದೋ, ಮೈ ಕೊಟ್ಟವನದೋ, ಪರದೆಯ ಹಿಂದೆ ಕೂತು ಗೆರೆ ಗೆರೆ ಹೊಂದಿಸಿದವರದೋ? ಪಾರ್ಟು ಎಂದರೆ ಕಲಿತು ಒಪ್ಪಿಸುವುದು ಎಂಬ ಹಳೆಯ ಅರ್ಥವನ್ನು ಗಟ್ಟಿಯಾಗಿ ಹಿಡಿದರೆ, ಅಲ್ಲಿ ವಿಷ್ಣುವರ್ಧನ್ ಇದ್ದರು, ಪಾರ್ಟು ಮಾತ್ರ ಮಾಡಲಿಲ್ಲ ಎನ್ನಬೇಕಾಗುತ್ತದೆ. 2018ರಲ್ಲಿ 1972ರ ಚಿತ್ರವನ್ನೇ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಈ ಪ್ರಶ್ನೆ ಏಳಲೇ ಇಲ್ಲ. ಬದಲಾದದ್ದು ಬಣ್ಣ ಮತ್ತು ಶಬ್ದ, ಪಾರ್ಟು ಮಾಡಿದವರು ಅವರೇ.

ಪಾರ್ಟು ಹಂಚಿಕೆಯ ವಾದ ಸಿನಿಮಾದಲ್ಲಿ ಹಳ್ಳಿಯ ರೂಪಕ್ಕೆ ತೀರ ಹತ್ತಿರ ಬಂದದ್ದು 2019ರ ಆಗಸ್ಟ್ 9ರಂದು ತೆರೆಕಂಡ ನಾಗಣ್ಣ ನಿರ್ದೇಶನದ ‘ಕುರುಕ್ಷೇತ್ರ’ದಲ್ಲಿ. ದರ್ಶನ್ ದುರ್ಯೋಧನ, ಅಂಬರೀಶ್ ಭೀಷ್ಮ, ರವಿಚಂದ್ರನ್ ಕೃಷ್ಣ, ಅರ್ಜುನ್ ಸರ್ಜಾ ಕರ್ಣ, ನಿಖಿಲ್ ಕುಮಾರಸ್ವಾಮಿ ಅಭಿಮನ್ಯು. ಯಾರ ಪಾರ್ಟು ಎಷ್ಟು ಉದ್ದ, ಟ್ರೇಲರಿನಲ್ಲಿ ಯಾರು ಎಷ್ಟು ಹೊತ್ತು ಕಾಣುತ್ತಾರೆ ಎಂದು ಅಭಿಮಾನಿಗಳು ಬಿಡುಗಡೆಗೆ ಮುಂಚೆ ಲೆಕ್ಕ ಹಾಕಿದ್ದು ಪ್ರಾಕ್ಟೀಸ್ ಮನೆಯ ಜಗಳದ್ದೇ ಜಾತಿ. ದುರ್ಯೋಧನನೇ ನಾಯಕನಾದದ್ದಕ್ಕೆ ಕನ್ನಡದಲ್ಲಿ ಯಾರೂ ಬೆರಗಾಗಲಿಲ್ಲ. ರನ್ನನ ‘ಗದಾಯುದ್ಧ’ವಿರುವ ಭಾಷೆಯಲ್ಲಿ ಅದು ಸಾವಿರ ವರ್ಷದಿಂದ ದೊಡ್ಡ ಪಾರ್ಟು.

ಅಮೆರಿಕದ ಸೂಪರ್‌ಹೀರೋ ಚಿತ್ರಗಳನ್ನು ಈ ಪದದಿಂದ ನೋಡಿದರೆ ಅವುಗಳ ಗದ್ದಲ ಪರಿಚಿತವಾಗುತ್ತದೆ. 1989ರ ‘ಬ್ಯಾಟ್‌ಮ್ಯಾನ್’ಗೆ ಮೈಕೆಲ್ ಕೀಟನ್ ಆಯ್ಕೆಯಾದಾಗ ಸಾವಿರಾರು ಅಭಿಮಾನಿಗಳು ಸ್ಟುಡಿಯೋಗೆ ಪತ್ರ ಬರೆದು ವಿರೋಧಿಸಿದರು. ಕೀಟನ್ ಆಗ ಹಾಸ್ಯನಟ. ಕಂಪನಿ ನಾಟಕದ ಮಾತಿನಲ್ಲಿ ಹೇಳಿದರೆ, ಹಾಸ್ಯದ ಪಾರ್ಟಿನವನಿಗೆ ರಾಜಾಪಾರ್ಟು ಹೇಗೆ ಕೊಟ್ಟಿರಿ ಎಂಬುದೇ ಆಕ್ಷೇಪ. ಚಿತ್ರ ಬಂದ ಮೇಲೆ ಅದೇ ಬ್ಯಾಟ್‌ಮ್ಯಾನ್ ಮುಂದಿನವರಿಗೆಲ್ಲ ಅಳತೆಗೋಲಾಯಿತು. ಕನ್ನಡದವರಿಗೆ ಇದು ಹೊಸ ಪಾಠವಲ್ಲ. ಕಂಪನಿಯ ಒಡೆಯರಾಗಿದ್ದ ಗುಬ್ಬಿ ವೀರಣ್ಣನವರು ‘ಸದಾರಮೆ’ಯಲ್ಲಿ ಹಿಡಿದದ್ದು ಕಳ್ಳನ ಪಾರ್ಟು, ಜನ ನಾಟಕಕ್ಕೆ ಮುಗಿಬಿದ್ದದ್ದು ಆ ಕಳ್ಳನಿಗಾಗಿ. ಪಾರ್ಟು ಒಗ್ಗುತ್ತದೋ ಇಲ್ಲವೋ ಎನ್ನುವುದು ರಂಗಕ್ಕೆ ಬಂದ ಮೇಲೆ ತೀರ್ಮಾನವಾಗುತ್ತದೆ. ಫೋಟೋ ನೋಡಿ ತೀರ್ಮಾನಿಸಿದ್ದು ಬಹಳ ಸಲ ತಪ್ಪಿದೆ.

ಫೋಟೋ ವಾದಕ್ಕೂ ಉದಾಹರಣೆ ಇದೆ. 2025ರ ಜುಲೈನಲ್ಲಿ ಬಿಡುಗಡೆಯಾದ ಜೇಮ್ಸ್ ಗನ್ ಅವರ ‘ಸೂಪರ್‌ಮ್ಯಾನ್’ನಲ್ಲಿ ಡೇವಿಡ್ ಕೊರೆನ್ಸ್‌ವೆಟ್ ತೊಟ್ಟ ದಿರಿಸಿನ ಮೊದಲ ಚಿತ್ರ ಹೊರಬಂದದ್ದು ಒಂದು ವರ್ಷಕ್ಕೂ ಮುಂಚೆ, 2024ರ ಮೇ ತಿಂಗಳಲ್ಲಿ. ನೀಲಿ ದಿರಿಸಿನ ಮೇಲಿನ ಕೆಂಪು ಚಡ್ಡಿ ಬೇಕೇ ಬೇಡವೇ ಎಂಬುದು ದೊಡ್ಡ ಚರ್ಚೆಯಾಗಿತ್ತು. 1978ರ ಕ್ರಿಸ್ಟೋಫರ್ ರೀವ್ ಚಿತ್ರದಲ್ಲಿ ಅದು ಇತ್ತು, 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಇರಲಿಲ್ಲ, 2025ರಲ್ಲಿ ಮರಳಿತು. ಹೊರಗಿನವರಿಗೆ ಕ್ಷುಲ್ಲಕವೆನಿಸುವ ಈ ವಾದಕ್ಕೆ ಯಕ್ಷಗಾನ ಬಲ್ಲವರು ತಲೆದೂಗುತ್ತಾರೆ. ಮುಂಡಾಸಿನ ಕಟ್ಟು ಬದಲಾದರೆ ವೇಷವೇ ಬದಲಾಯಿತೆಂದು ಅವರೂ ತಕರಾರು ತೆಗೆಯುತ್ತಾರೆ, ಅದರಲ್ಲಿ ನ್ಯಾಯವಿದೆ. ಭಾರತದ ಮಟ್ಟಿಗೆ ಇಂಥ ಚರ್ಚೆ ‘ಶಕ್ತಿಮಾನ್’ ಸುತ್ತ ನಡೆದಿದೆ. 1997ರಿಂದ ದೂರದರ್ಶನದಲ್ಲಿ ಮೂಡಿಬಂದ ಆ ಧಾರಾವಾಹಿಯನ್ನು ಸಿನಿಮಾ ಮಾಡುವ ಘೋಷಣೆ 2022ರ ಫೆಬ್ರವರಿಯಲ್ಲಿ ಆಯಿತು. ಆ ಪಾರ್ಟಿಗೆ ರಣವೀರ್ ಸಿಂಗ್ ಹೆಸರು ಕೇಳಿಬಂದಾಗ ಬಹಿರಂಗವಾಗಿ ವಿರೋಧಿಸಿದವರು ಮೂಲ ಶಕ್ತಿಮಾನ್ ಮುಕೇಶ್ ಖನ್ನಾ ಅವರೇ. ಚಿತ್ರೀಕರಣವೇ ಇಲ್ಲದೆ ಪಾರ್ಟಿನ ಒಡೆತನದ ವಾದ ನಡೆದದ್ದು ಹೀಗೆ.

ಎರಡನೆಯ ಸಲ ಬಂದ ‘ಪಾರ್ಟ್’ನ ಬದುಕು ಇನ್ನೂ ಚಿಕ್ಕದು. 1990ರಲ್ಲಿ ಶಂಕರ್‌ನಾಗ್ ನಟಿಸಿದ ‘ಸಾಂಗ್ಲಿಯಾನ’ ಚಿತ್ರದ ಮುಂದಿನ ಭಾಗ ಬಂದಾಗ ಹೆಸರಿಗೆ ಸೇರಿದ್ದು ‘ಭಾಗ 2’. ‘ಕೆಜಿಎಫ್’ ಹೊತ್ತಿಗೆ ಪೋಸ್ಟರಿನಲ್ಲಿ ‘ಚಾಪ್ಟರ್’ ಬಂತು; ಜನರ ಬಾಯಲ್ಲಿ ಅದು ‘ಪಾರ್ಟ್ ಟೂ’. 2022ರ ‘ಕಾಂತಾರ’ದ ಬಳಿಕ 2025ರ ಅಕ್ಟೋಬರ್ 2ರಂದು ಬಂದದ್ದರ ಹೆಸರು ‘ಚಾಪ್ಟರ್ 1’, ಅಂದರೆ ಹಿಂದಿನ ಕಾಲದ ಕಥೆ. ಅದರ ಚಿತ್ರೀಕರಣ ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದಲ್ಲೂ ನಡೆದದ್ದರಿಂದ ಶಿವಮೊಗ್ಗ ಜಿಲ್ಲೆಯಲ್ಲಿ ಅದರ ಮಾತು ಬಿಡುಗಡೆಗೆ ಬಹಳ ಮೊದಲೇ ಇತ್ತು. ಎರಡನೆಯದಾಗಿ ಬಂದದ್ದನ್ನು ಒಂದು ಎಂದು ಕರೆದಾಗ ‘ಪಾರ್ಟ್ ಟೂ’ ಎಂಬ ರೂಢಿ ಸ್ವಲ್ಪ ತಡವರಿಸಿತು. ರೀಬೂಟ್ ಅಂತೂ ಈ ಎಣಿಕೆಗೇ ಸಿಗುವುದಿಲ್ಲ. ಅದು ಮುಂದಿನ ಭಾಗವೂ ಅಲ್ಲ, ಹಿಂದಿನದೂ ಅಲ್ಲ, ಅದೇ ಪಾರ್ಟನ್ನು ಮತ್ತೊಬ್ಬರಿಗೆ ಹಂಚುವುದು.

ಈಚೆಗೆ ಪಾರ್ಟಿಗೆ ಮತ್ತೊಬ್ಬ ಪಾಲುದಾರ ಸೇರಿಕೊಂಡಿದ್ದಾನೆ, ಕಂಠ. ಡಬ್ಬಿಂಗ್ ಚಿತ್ರಗಳನ್ನು ದಶಕಗಳ ಕಾಲ ತಡೆದಿದ್ದ ಚಿತ್ರೋದ್ಯಮದ ನಿಲುವಿಗೆ ವಿರುದ್ಧವಾಗಿ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟ ಮೇಲೆ ದಾರಿ ತೆರೆಯಿತು. 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಇಂಥ ಚಿತ್ರದ ಕನ್ನಡ ಟ್ರೇಲರ್ ಬಂದಾಗ ಚರ್ಚೆಯಾಗುವುದು ಕಂಠ ಹೊಂದುತ್ತದೋ ಇಲ್ಲವೋ ಎಂಬುದು. ಮಾತು ಊರಿನವರ ಮಾತಿನಂತಿದೆಯೋ, ಪುಸ್ತಕ ಓದಿದಂತಿದೆಯೋ ಎಂದೂ ಕೇಳುತ್ತಾರೆ. ಸ್ಟುಡಿಯೋದ ಮೈಕಿನೆದುರು ಕೂತ ಕಲಾವಿದರ ಕೈಯಲ್ಲಿರುವುದು, ಹಳ್ಳಿಯ ಭೀಮನ ನೋಟ್‌ಬುಕ್ಕಿನಂತೆಯೇ, ತಮ್ಮ ಪಾಲಿನ ಮಾತು. ಮುಖ ಬೇರೆಯವರದು, ಚಿತ್ರ ಬರೆದವರು ಬೇರೆಯವರು; ಕನ್ನಡದಲ್ಲಿ ಆ ಪಾರ್ಟು ಮಾಡಿದವರು ಮಾತ್ರ ಇವರು. ಇವರ ಹೆಸರು ಪೋಸ್ಟರಿನಲ್ಲಿ ಕಾಣುವುದು ಅಪರೂಪ. ಹಳ್ಳಿಯ ಕರಪತ್ರ ಎರಡನೇ ಕೃಷ್ಣನ ಹೆಸರನ್ನೂ ಬಿಡದೆ ಅಚ್ಚುಹಾಕುತ್ತದೆ. ಡಬ್ಬಿಂಗ್ ಕಲಾವಿದರಿಗೂ ಅಷ್ಟು ಸಲ್ಲಬೇಕು.