ಗಡಿಯೂರಿನ ಮನೆಗೆ ಫ್ರೀ ಡಿಶ್: ಯಾವ ಡಿಶ್, ಎಲ್ಲಿಡಬೇಕು, ಎತ್ತ ಮುಖ?

ಗಡಿಯಾಚೆಯ ನಮ್ಮ ಊರುಗಳಲ್ಲಿ ಮನೆಯ ಟಿ.ವಿ.ಗೆ ಕನ್ನಡ ಬರುವುದು ಹೆಚ್ಚಾಗಿ ಕೇಬಲ್‌ನವರ ಮರ್ಜಿಯ ಮೇಲೆ. ಮಲಯಾಳ, ತಮಿಳು, ಮರಾಠಿ, ತೆಲುಗು ಪ್ಯಾಕೇಜಿನೊಳಗೆ ಒಂದೆರಡು ಕನ್ನಡ ಚಾನೆಲ್ ಸೇರಿದ್ದರೆ ಅದೃಷ್ಟ. ಬೇರೆಯಾಗಿ ಬೇಕೆಂದರೆ ತಿಂಗಳ ಬಾಡಿಗೆ ಏರುತ್ತದೆ. ಮನೆಯ ಹಿರಿಯರಿಗೆ ಕನ್ನಡ ವಾರ್ತೆ ಬೇಕು. ಬೇರೆ ಮಾಧ್ಯಮದಲ್ಲಿ ಓದುವ ಮಕ್ಕಳ ಕಿವಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಕನ್ನಡ ಬೀಳಬೇಕು. ಇಷ್ಟಕ್ಕೆ ತಿಂಗಳ ಹಣವಿಲ್ಲದ ದಾರಿ ಎಂದರೆ ದೂರದರ್ಶನದ ಡಿಡಿ ಫ್ರೀ ಡಿಶ್. ಅದರ ಆಂಟೆನಾವನ್ನು ಆರಿಸುವುದು ಮತ್ತು ನಿಲ್ಲಿಸುವುದು ಹೇಗೆ ಎಂಬ ಮಾಹಿತಿ ಇಲ್ಲಿದೆ.

ಮೊದಲಿಗೆ ಒಂದು ಹಳೆಯ ಅಭ್ಯಾಸವನ್ನು ಬಿಡಬೇಕು. ಮೀನಿನ ಮುಳ್ಳಿನಂತಹ ಅಲ್ಯೂಮಿನಿಯಂ ಆಂಟೆನಾ ನಮ್ಮ ಎಷ್ಟೋ ಮನೆಗಳ ಮೇಲೆ ಈಗಲೂ ನಿಂತಿದೆ. ಅದು ನೆಲದ ಮೇಲಿನ ಪ್ರಸಾರ ಗೋಪುರವನ್ನು ನೋಡುತ್ತಿತ್ತು. ನಡುವೆ ಗುಡ್ಡವಿದ್ದರೆ ಚಿತ್ರವಿಲ್ಲ, ಕಂಬ ಎತ್ತರವಾದಷ್ಟೂ ಚಿತ್ರ ಚೆನ್ನ. ಪ್ರಸಾರ ಭಾರತಿ ಆ ಅನಲಾಗ್ ಗೋಪುರಗಳನ್ನು ಹಂತ ಹಂತವಾಗಿ ನಿಲ್ಲಿಸುತ್ತ ಬಂದು, 2022ರ ಹೊತ್ತಿಗೆ ಆಯಕಟ್ಟಿನ ಸ್ಥಳಗಳ ಸುಮಾರು 50ನ್ನು ಮಾತ್ರ ಉಳಿಸಿಕೊಂಡಿತು. 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ ಆರಂಭವಾಯಿತು, ನಿಜ. ಆದರೆ ನಮ್ಮ ಪಟ್ಟಣಗಳಲ್ಲಿ ಬೆಂಗಳೂರಿಗೆ ಅಷ್ಟು ಹತ್ತಿರವಿರುವುದು ಹೊಸೂರು ಮಾತ್ರ. ಹಳೆಯ ಮುಳ್ಳು ಆಂಟೆನಾವನ್ನು ರಿಪೇರಿ ಮಾಡಿಸಲು ಈಗ ಹಣ ಹಾಕಬೇಡಿ ಎಂಬುದು ನಮ್ಮ ಸಲಹೆ. ಕಂಬ ಗಟ್ಟಿಯಿದ್ದರೆ ಮಾತ್ರ ಉಳಿಸಿಕೊಳ್ಳಿ.

ಫ್ರೀ ಡಿಶ್ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಈಗ ಅದು ಬರುವುದು 2015ರ ನವೆಂಬರ್‌ನಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹದಿಂದ. ಡಿಶ್, ಬಾಕ್ಸ್, ವೈರು ಎಲ್ಲ ಸೇರಿ ಒಮ್ಮೆ 2000 ರೂಪಾಯಿಯ ಆಸುಪಾಸು ಖರ್ಚು ಮಾಡಿದರೆ ಮುಂದೆ ರೀಚಾರ್ಜ್ ಇಲ್ಲ. ಡಿಡಿ ಚಂದನ ಸಿಗುತ್ತದೆ: ಕನ್ನಡ ವಾರ್ತೆ, ಕೃಷಿ ಕಾರ್ಯಕ್ರಮ, ಉತ್ತರ ಹೇಳಿದವರಿಗೆ ಪುಸ್ತಕ ಕೊಡುವ 'ಥಟ್ ಅಂತ ಹೇಳಿ', ಹಳೆಯ ಚಲನಚಿತ್ರಗಳು. ಹಣ ಕೊಟ್ಟು ನೋಡುವ ದೊಡ್ಡ ಕನ್ನಡ ಮನರಂಜನಾ ಚಾನೆಲ್‌ಗಳು ಇದರಲ್ಲಿ ಬರುವುದಿಲ್ಲ. ಧಾರಾವಾಹಿಗಾಗಿ ಕಾಯುವವರಿಗೆ ಈ ಮಾತನ್ನು ಮೊದಲೇ ಹೇಳಿಬಿಡಿ, ಆಮೇಲೆ ಮನೆಯಲ್ಲಿ ಜಗಳ ಬೇಡ.

ಇನ್ನು ಜಾಗದ ವಿಚಾರ. ಉಪಗ್ರಹ ಇರುವುದು ಸಮಭಾಜಕ ವೃತ್ತದ ನೇರ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಷ್ಟು ದೂರದ ಮುಂದೆ ನಿಮ್ಮ ಮನೆಯ ಕಂಬದ ಹತ್ತು ಅಡಿ ಯಾವ ಲೆಕ್ಕಕ್ಕೂ ಇಲ್ಲ. ಎತ್ತರದ ಕಂಬಕ್ಕೆ ಡಿಶ್ ಕಟ್ಟಿದರೆ ಲಾಭವಿಲ್ಲ, ಗಾಳಿಗೆ ಅಲುಗಾಡುವ ನಷ್ಟ ಮಾತ್ರ ಇದೆ. ಡಿಶ್‌ಗೆ ಬೇಕಾದದ್ದು ಎರಡೇ: ಅಲುಗದ ಬುಡ, ಮತ್ತು ಆಕಾಶದ ಒಂದು ನಿರ್ದಿಷ್ಟ ತುಂಡು ಮರೆಯಿಲ್ಲದೆ ಕಾಣುವುದು.

ಆ ತುಂಡು ನಮಗೆಲ್ಲ ಆಗ್ನೇಯದ ಕಡೆಗಿದೆ. ಹಳೆಯ ಮನೆಗಳಲ್ಲಿ ಅಡುಗೆಮನೆ ಇರುವ ಮೂಲೆ ಎಂದರೆ ಯಾರಿಗೂ ದಿಕ್ಕು ತಪ್ಪುವುದಿಲ್ಲ. ಊರೂರಿಗೆ ಸ್ವಲ್ಪ ವ್ಯತ್ಯಾಸವಿದೆ. ಕೆಳಗಿನ ಮೊದಲ ಅಂಕಿ ದಿಕ್ಸೂಚಿಯಲ್ಲಿ ಉತ್ತರವನ್ನು ಸೊನ್ನೆಯಾಗಿಟ್ಟು ಪೂರ್ವದ ಕಡೆಯಿಂದ ಎಣಿಸಿದ ಡಿಗ್ರಿ. ಎರಡನೆಯದು ದಿಗಂತದಿಂದ ಮೇಲಕ್ಕೆ ಏರಿದ ಕೋನ. ರೇಖಾಂಶ, ಅಕ್ಷಾಂಶ ಹಿಡಿದು ಲೆಕ್ಕ ಹಾಕಿ, ಹತ್ತಿರದ ಪೂರ್ಣಾಂಕಕ್ಕೆ ತಂದಿದ್ದೇವೆ.

ಕಾಸರಗೋಡು: 123, 64
ಸುಲ್ತಾನ್ ಬತ್ತೇರಿ (ವಯನಾಡು), ಉದಕಮಂಡಲ: 123, 66
ತಾಳವಾಡಿ: 125, 66
ಹೊಸೂರು: 128, 66
ಮಡಕಶಿರಾ: 130, 65
ರಾಯದುರ್ಗ: 130, 64
ಆದೋನಿ: 133, 64
ನಾರಾಯಣಪೇಟೆ: 135, 63
ಪಣಜಿ: 127, 61
ಜತ್: 132, 61
ಸೊಲ್ಲಾಪುರ: 134, 61

ಅಕ್ಕಲಕೋಟೆಯವರು ಸೊಲ್ಲಾಪುರದ ಅಂಕಿಯನ್ನೇ ಹಿಡಿದರೆ ಸಾಕು. ನಮ್ಮ ಸೀಮೆಯಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ಒಂದು ಡಿಗ್ರಿಯ ಸುಮಾರು, ಅದನ್ನು ಮರೆತುಬಿಡಬಹುದು. ಆದರೆ ಕಬ್ಬಿಣದ ಕಂಬಕ್ಕೆ ಮೊಬೈಲ್ ಅಂಟಿಸಿ ದಿಕ್ಕು ನೋಡಬೇಡಿ. ನಾಲ್ಕು ಹೆಜ್ಜೆ ದೂರ ನಿಂತು ನೋಡಿ, ಆ ಗೆರೆಯ ಮೇಲೆ ಒಂದು ಮರವನ್ನೋ ಮನೆಯನ್ನೋ ಗುರುತಿಟ್ಟುಕೊಳ್ಳಿ.

ಎರಡನೆಯ ಅಂಕಿ ಎಷ್ಟು ದೊಡ್ಡದಿದೆ ಗಮನಿಸಿ. ನಡುನೆತ್ತಿ 90 ಡಿಗ್ರಿಯಾದರೆ ನಮ್ಮ ಉಪಗ್ರಹ ಅದರ ಮೂರನೇ ಎರಡು ಭಾಗದಷ್ಟು ಮೇಲಿದೆ. ಆದ್ದರಿಂದಲೇ ಗೋಪುರದ ಕಾಲದಲ್ಲಿ ಚಿತ್ರವೇ ಕಾಣದಿದ್ದ ನೀಲಗಿರಿಯ ಕಣಿವೆಯ ಹಟ್ಟಿಗಳಿಗೂ ವಯನಾಡಿನ ತಗ್ಗಿನ ಮನೆಗಳಿಗೂ ಇದು ತಲುಪುತ್ತದೆ. 66 ಡಿಗ್ರಿಯವರೆಗೆ ಎದ್ದು ಮರೆ ಮಾಡುವ ಬೆಟ್ಟ ಮನೆಯ ಪಕ್ಕದಲ್ಲಿ ಇರುವುದು ಅಪರೂಪ. ತೊಂದರೆ ಬರುವುದು ಹತ್ತಿರದ ಮರದಿಂದ. ಕಾಸರಗೋಡಿನ ತೋಟದ ಮನೆಯಲ್ಲಿ ಡಿಶ್‌ಗಿಂತ 50 ಅಡಿ ಎತ್ತರದ ತೆಂಗು ಆ ದಿಕ್ಕಿನಲ್ಲಿದ್ದರೆ, ಅದು ಸುಮಾರು 25 ಅಡಿಯೊಳಗಿದ್ದಾಗ ಮಾತ್ರ ಅಡ್ಡ ಬರುತ್ತದೆ. ಸೊಲ್ಲಾಪುರದ ಕಡೆ ಅದೇ ಎತ್ತರಕ್ಕೆ 28 ಅಡಿ. ಗರಿ ಹರಡುವುದನ್ನೂ ಲೆಕ್ಕಕ್ಕೆ ಹಿಡಿದು ಮರದ ಎತ್ತರದ ಮುಕ್ಕಾಲು ಪಾಲಿನಷ್ಟು ದೂರ ಬಿಟ್ಟರೆ ನಿಶ್ಚಿಂತೆ. ಅಡಿಕೆ ಸಸಿ, ಸಿಲ್ವರ್ ಓಕ್ ಇನ್ನೂ ಬೆಳೆಯುವಂಥವು. ಐದು ವರ್ಷದ ಮೇಲೆ ಎಲ್ಲಿಗೆ ಬರುತ್ತವೆ ಎಂದು ಈಗಲೇ ಕಣ್ಣಳತೆ ಮಾಡಿ.

ಯಾವ ಉಪಕರಣವೂ ಬೇಡದ ಒಂದು ಪರೀಕ್ಷೆಯಿದೆ. ವರ್ಷಕ್ಕೆ ಎರಡು ಬಾರಿ ಸೂರ್ಯ ಸರಿಯಾಗಿ ಈ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಾನೆ. ನಮ್ಮ ಊರುಗಳಿಗೆ ಅದು ಮಾರ್ಚ್ 12ರಿಂದ 15ರ ನಡುವೆ, ಬೆಳಿಗ್ಗೆ 11.15ರ ಸುಮಾರಿಗೆ, ಮತ್ತೆ ಸೆಪ್ಟೆಂಬರ್ 28ರಿಂದ 30ರ ನಡುವೆ, 10.55ರ ಸುಮಾರಿಗೆ. ಆ ಹೊತ್ತಿನಲ್ಲಿ ಡಿಶ್ ಇಡಬೇಕೆಂದಿರುವ ಜಾಗದಲ್ಲಿ ಬಿಸಿಲು ಬಿದ್ದಿದ್ದರೆ ಉಪಗ್ರಹವೂ ಅಲ್ಲಿಂದ ಕಾಣುತ್ತದೆ. ನೆರಳಿದ್ದರೆ ಜಾಗ ಬದಲಿಸಿ. ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ. ಸೂರ್ಯನ ಕಾವಿನ ಗದ್ದಲ ಉಪಗ್ರಹದ ಸಣ್ಣ ದನಿಯನ್ನು ಮುಚ್ಚಿಹಾಕಿರುತ್ತದೆ, ತಾನಾಗಿ ಸರಿಹೋಗುತ್ತದೆ.

ಬುಡ ಎಲ್ಲಿ ಊರಬೇಕು? ಆರ್‌ಸಿಸಿ ಮನೆಯಾದರೆ ತಾರಸಿಯ ಮೋಟುಗೋಡೆ ಉತ್ತಮ. ಕಾಸರಗೋಡಿನ ಹೆಂಚಿನ ಮನೆಯಲ್ಲಿ ಮಾಡಿನ ಮೇಲೆ ಹತ್ತುವುದೇ ಬೇಡ. ಗಟ್ಟಿ ಗೋಡೆಗೆ ಬೋಲ್ಟ್ ಹಾಕಿ, ಇಲ್ಲವೇ ಅಂಗಳದಲ್ಲಿ ಎರಡು ಅಡಿ ಗುಂಡಿ ತೋಡಿ ಕಾಂಕ್ರೀಟಿನಲ್ಲಿ ಪೈಪು ನಿಲ್ಲಿಸಿ. ಡಿಶ್ ನೆಲಮಟ್ಟದಲ್ಲಿದ್ದರೆ ಕೈಗೆ ಸಿಗುತ್ತದೆ, ಒರೆಸಲು ಸುಲಭ. ದನಕರು ತಾಗದಂತೆ ಬೇಲಿ ಬೇಕು ಅಷ್ಟೆ. ಅಕ್ಕಲಕೋಟೆ, ಜತ್ ಕಡೆಯ ಮಣ್ಣಿನ ಮಾಳಿಗೆಗೆ ತೂತು ಕೊರೆದರೆ ಮಳೆಗಾಲದಲ್ಲಿ ಸೋರುವುದು ಖಂಡಿತ. ಹಳೆಯ ಎಣ್ಣೆ ಡಬ್ಬದಲ್ಲಿ ಪೈಪು ನಿಲ್ಲಿಸಿ ಕಾಂಕ್ರೀಟು ತುಂಬಿ, ಗೋಡೆಯ ಸಾಲಿನ ಮೇಲೆ ಇಡಿ. ತಗಡಿನ ಶೀಟಿಗೆ ಎಂದೂ ಬೇಡ. ಬಿಸಿಲಿಗೆ ಹಿಗ್ಗುತ್ತದೆ, ಗಾಳಿಗೆ ನಡುಗುತ್ತದೆ. ಯಾವ ಜಾಗವಾದರೂ ಕಂಬ ಸಂಪೂರ್ಣ ನೆಟ್ಟಗಿರಲಿ. ದಾರಕ್ಕೆ ಕಲ್ಲು ಕಟ್ಟಿ ಎರಡು ಕಡೆಯಿಂದ ನೋಡಿ. ಕಂಬ ವಾಲಿದ್ದರೆ ಡಿಶ್ ತಿರುಗಿಸಿದಂತೆಲ್ಲ ಕೋನವೂ ಬದಲಾಗಿ ಹುಡುಕಾಟ ಮುಗಿಯುವುದೇ ಇಲ್ಲ. ಅರ್ಧ ದಿನ ಹಾಳಾಗುವುದು ಬಹಳ ಸಲ ಇಲ್ಲಿಯೇ.

ಡಿಶ್ ಗಾತ್ರಕ್ಕೆ ಬಯಲುಸೀಮೆಯಲ್ಲಿ 60 ಸೆಂ.ಮೀ., ಅಂದರೆ ಎರಡು ಅಡಿ, ಸಾಕು. ಕಾಸರಗೋಡು, ವಯನಾಡು, ನೀಲಗಿರಿ, ಗೋವಾದವರು 75 ಅಥವಾ 90 ಸೆಂ.ಮೀ. ತೆಗೆದುಕೊಳ್ಳುವುದು ಒಳ್ಳೆಯದು. ಈ ತರಂಗಗಳನ್ನು ದಟ್ಟ ಮಳೆ ಹೀರುತ್ತದೆ. ದೊಡ್ಡ ಡಿಶ್ ಇದ್ದರೆ ಮಳೆ ಜೋರಾದಾಗ ಚಿತ್ರ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ದೊಡ್ಡ ಡಿಶ್‌ಗೆ ಗಾಳಿಯ ಒತ್ತಡವೂ ಹೆಚ್ಚು, ಕಂಬವೂ ದಪ್ಪ ಬೇಕು. ಕಡಲ ಬದಿಯ ಉಪ್ಪುಗಾಳಿಗೆ ಸಾದಾ ಬೋಲ್ಟ್ ಎರಡು ಮಳೆಗಾಲ ಕಂಡರೆ ಹೆಚ್ಚು. ಸ್ಟೀಲ್ ಬೋಲ್ಟ್ ಹಾಕಿಸಿ, ಗ್ರೀಸ್ ಹಚ್ಚಿ.

ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಎಂದು ಕೇಳಿ ಪಡೆಯಿರಿ. ಹಳೆಯ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ಹೊಸ ಬಗೆಯಲ್ಲಿ ಬರುವ ಚಾನೆಲ್‌ಗಳೂ ಎಚ್‌ಡಿ ಚಾನೆಲ್‌ಗಳೂ ಅದಕ್ಕೆ ಕಾಣುವುದಿಲ್ಲ. ಎಚ್‌ಡಿ ಚಿತ್ರ ಬೇಕಾದರೆ ಟಿ.ವಿ.ಗೆ ಎಚ್‌ಡಿಎಂಐ ವೈರಿನಿಂದ ಜೋಡಿಸಿ. ಕೆಂಪು-ಬಿಳಿ-ಹಳದಿ ಪಿನ್ನಿನ ವೈರಿನಲ್ಲಿ ಎಚ್‌ಡಿ ಬರುವುದಿಲ್ಲ. ಹೊಸ ಟಿ.ವಿ. ಕೊಳ್ಳುವವರು ಉಪಗ್ರಹ ಟ್ಯೂನರ್ ಒಳಗೇ ಇದೆಯೇ ಎಂದು ವಿಚಾರಿಸಿ, ಇದ್ದರೆ ಬಾಕ್ಸೇ ಬೇಡ.

ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಯೂನಿವರ್ಸಲ್ ಬಗೆಯದಾಗಿರಲಿ. ಬಾಕ್ಸಿನ ಮೆನುವಿನಲ್ಲಿ 9750-10600 ಎಂದು ಆರಿಸಬೇಕು. ವೈರು ಆರ್‌ಜಿ-6, 30 ಮೀಟರಿನೊಳಗೆ, ನಡುವೆ ಜೋಡಣೆಯಿಲ್ಲದೆ. ಎಲ್‌ಎನ್‌ಬಿಗೆ ಬಾಕ್ಸ್ ಇದೇ ವೈರಿನಲ್ಲಿ 13 ಅಥವಾ 18 ವೋಲ್ಟ್ ಕಳಿಸಿ ಎರಡು ಬಗೆಯ ತರಂಗಗಳಲ್ಲಿ ಒಂದನ್ನು ಆರಿಸುತ್ತದೆ. ಕೆಲವು ಚಾನೆಲ್ ಮಾತ್ರ ಬಂದು ಉಳಿದವು ಕಾಣದಿದ್ದರೆ ಮೊದಲು ಸಂಶಯ ಪಡಬೇಕಾದದ್ದು ವೈರಿನ ಕೊನೆಯ ಜೋಡಣೆಯನ್ನೇ. ಎಲ್‌ಎನ್‌ಬಿ ಬಳಿ ವೈರು ಒಂದು ಸುತ್ತು ಕೆಳಗೆ ಜೋತುಬಿದ್ದಿರಲಿ, ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ, ಒಳಗೆ ಇಳಿಯುವುದಿಲ್ಲ.

ಇನ್ನು ಗುರಿ ಹಿಡಿಯುವುದು. ಈ ಡಿಶ್‌ಗಳು ಕಾಣುವುದಕ್ಕಿಂತ ಮೇಲಕ್ಕೆ ನೋಡುತ್ತವೆ. 64 ಡಿಗ್ರಿ ಬೇಕಾದಾಗ ಡಿಶ್ 64ರಷ್ಟು ಹಿಂದಕ್ಕೆ ಮಲಗಿರುವುದಿಲ್ಲ, ಅದಕ್ಕಿಂತ ಸುಮಾರು 25 ಡಿಗ್ರಿ ಕಡಿಮೆ. ಡಿಶ್‌ನ ಮೇಲಂಚು ಕೆಳಅಂಚುಗಳಿಗೆ ಒಂದು ನೇರ ಪಟ್ಟಿ ತಾಗಿಸಿ, ಅದರ ಮೇಲೆ ಕೋನ ಅಳೆಯುವ ಮೊಬೈಲ್ ಇಟ್ಟರೆ, ನೆಟ್ಟಗೆ ನಿಂತ ಗೋಡೆಗಿಂತ ಸೊಲ್ಲಾಪುರದಲ್ಲಿ ಸುಮಾರು 36, ಹೊಸೂರಿನಲ್ಲಿ ಸುಮಾರು 41 ಡಿಗ್ರಿ ಹಿಂದಕ್ಕೆ ವಾಲಿರಬೇಕು. ಈ ಕೋನವನ್ನು ಬಿಗಿದು, ಆಮೇಲೆ ಡಿಶ್ ಅನ್ನು ಪಕ್ಕಕ್ಕೆ ಬೆರಳಿನಷ್ಟೇ ತಿರುಗಿಸಿ, ಪ್ರತಿ ಸಲವೂ ನಾಲ್ಕೈದು ಸೆಕೆಂಡ್ ನಿಲ್ಲಿ. ಬಾಕ್ಸಿಗೆ ಚಿತ್ರ ಹಿಡಿಯಲು ಅಷ್ಟು ಹೊತ್ತು ಬೇಕು. ಪರದೆಯಲ್ಲಿ ಎರಡು ಪಟ್ಟಿ ಬರುತ್ತವೆ. 'ಸ್ಟ್ರೆಂತ್' ಎಂಬುದು ವೈರು, ಎಲ್‌ಎನ್‌ಬಿ ಜೀವಂತವಾಗಿವೆ ಎಂದು ಮಾತ್ರ ಹೇಳುತ್ತದೆ. ನೋಡಬೇಕಾದದ್ದು 'ಕ್ವಾಲಿಟಿ' ಪಟ್ಟಿಯನ್ನು. ಅದು ಏರಿದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಎಡಕ್ಕೂ ಬಲಕ್ಕೂ ನಿಧಾನವಾಗಿ ಹೊರಳಿಸಿ, ಪಟ್ಟಿ ಅತಿ ಹೆಚ್ಚಾದಲ್ಲಿ ಬಿಗಿಯಿರಿ. ನಮ್ಮ ಊರುಗಳಲ್ಲಿ ಈ ಹೊರಳು 45 ಡಿಗ್ರಿಯ ಆಚೀಚೆ ಬರುತ್ತದೆ, ಎಲ್‌ಎನ್‌ಬಿ ಓರೆಯಾಗಿ ಕಂಡರೆ ಗಾಬರಿ ಬೇಡ.

ಒಂದು ಬಲೆ ಇದೆ. 95 ಡಿಗ್ರಿಯಲ್ಲಿ, ಅಂದರೆ ಒಂದೂವರೆ ಡಿಗ್ರಿ ಪಕ್ಕದಲ್ಲೇ, ಇನ್ನೊಂದು ಡಿಟಿಎಚ್ ಸೇವೆಯ ಉಪಗ್ರಹವಿದೆ. ಪಟ್ಟಿ ಏರಿದರೂ ಸ್ಕ್ಯಾನ್ ಮಾಡಿದಾಗ ಡಿಡಿ ಚಾನೆಲ್ ಒಂದೂ ಇಲ್ಲವೆಂದರೆ ಡಿಶ್ ಅಲ್ಲಿ ನಿಂತಿರಬಹುದು, ಕೂದಲೆಳೆಯಷ್ಟು ದಕ್ಷಿಣಕ್ಕೆ ತಿರುಗಿಸಿ. ಸುಲಭ ದಾರಿಯೂ ಉಂಟು. ಸನ್ ಡೈರೆಕ್ಟ್ ಸೇವೆಯೂ ಜಿಸ್ಯಾಟ್-15ನ್ನೇ ಬಳಸುತ್ತದೆ. ರೀಚಾರ್ಜ್ ಬಿಟ್ಟ ಅದರ ಡಿಶ್ ಮನೆಯ ಮೇಲೆ ಸುಮ್ಮನೆ ನಿಂತಿದ್ದರೆ, ಫ್ರೀ ಡಿಶ್ ಬಾಕ್ಸನ್ನು ಅದಕ್ಕೇ ಜೋಡಿಸಿ ನೋಡಿ. ಬೇರೆ ಕಂಪನಿಗಳ ಹಳೆಯ ಡಿಶ್ ಕೂಡ ಕೆಲಸಕ್ಕೆ ಬರುತ್ತದೆ, ಮುಖ ಮಾತ್ರ ತಿರುಗಿಸಬೇಕು.

ಸಿಡಿಲಿನ ವಿಷಯದಲ್ಲಿ ಮಾತ್ರ ಅಸಡ್ಡೆ ಕೂಡದು. ಕಂಬಕ್ಕೆ ದಪ್ಪ ತಾಮ್ರದ ತಂತಿಯಿಂದ ಅರ್ಥಿಂಗ್ ಮಾಡಿಸಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ, ಕಾಸರಗೋಡಿನ ಕಡೆ ತುಲಾ ಮಾಸದ ಸಂಜೆ ಮಳೆಗೆ, ಮೋಡ ಕಟ್ಟಿದಾಗಲೇ ಕರೆಂಟಿನ ಪ್ಲಗ್ಗನ್ನೂ ಡಿಶ್ ವೈರನ್ನೂ ಬಾಕ್ಸಿನಿಂದ ಬಿಡಿಸಿ. ಗುಡುಗು ಶುರುವಾದ ಮೇಲೆ ವೈರು ಮುಟ್ಟಬೇಡಿ. ತಾರಸಿಯ ಹತ್ತಿರ ಕರೆಂಟ್ ತಂತಿ ಹಾದುಹೋಗಿದ್ದರೆ ಕಬ್ಬಿಣದ ಪೈಪು ಎತ್ತುವ ಕೆಲಸವನ್ನು ಅಲ್ಲಿ ಮಾಡಲೇಬಾರದು. ಬೇರೆ ಜಾಗ ಹುಡುಕಿ.

ಚಾನೆಲ್‌ಗಳ ಪಟ್ಟಿ ಆಗಾಗ ಬದಲಾಗುತ್ತದೆ. ಚಂದನ ಇದ್ದಲ್ಲಿ ಕಾಣದಿದ್ದರೆ ಡಿಶ್ ಮುಟ್ಟುವ ಮೊದಲು ಬಾಕ್ಸಿನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಬಹುತೇಕ ಬೇರೆ ಅಂಕಿಯಲ್ಲಿ ಸಿಗುತ್ತದೆ. ರಿಮೋಟಿನಲ್ಲಿ ಟಿವಿ/ರೇಡಿಯೋ ಎಂಬ ಗುಂಡಿಯಿದ್ದರೆ ಅದನ್ನೂ ಒತ್ತಿ ನೋಡಿ. ಆಕಾಶವಾಣಿಯ ಕೇಂದ್ರಗಳೂ ಇದೇ ಉಪಗ್ರಹದಿಂದ ಬರುತ್ತವೆ, ಅವುಗಳಲ್ಲಿ ಕನ್ನಡದ್ದೂ ಇದೆ. ಕಣ್ಣು ಮಂಜಾದ ಅಜ್ಜ-ಅಜ್ಜಿಯರಿಗೆ ಆ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆದು ಟಿ.ವಿ.ಯ ಪಕ್ಕ ಅಂಟಿಸಿಡಿ.